ಹನೋಯಿಯಲ್ಲಿ ಕೊಟ್ಟ ತಾಂಬೂಲ

ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರಿಗೆ ನಾಲ್ಕು ಮಾತು ಬರೆದುಕೊಡಿ ಎಂದು ಕಾರ್ಖಾನೆಯವರು ಕೇಳಿದಾಗ ನನಗೆ ನಗು ಬಂತು. ನಾನು ಆಯುಷ್ಯವೆಲ್ಲ ಬಟ್ಟೆ ಹೊಲಿದವಳು, ಆಮೇಲೆ ಹೊಲಿಸಿದವಳು. ಸೂಜಿ ಹಿಡಿದ ಕೈಗೆ ಪೆನ್ನು ಕೊಟ್ಟರೆ ಸಾಲು ನೇರ ಹೋಗುತ್ತದೆಂದು ಯಾವ ನಂಬಿಕೆ? ಆದರೂ ಒಪ್ಪಿಕೊಂಡೆ. ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್ ಅಂದರೆ ಜನ ಎರಡೇ ವಿಷಯ ಹೇಳುತ್ತಾರೆ, ಟಾರ್ಗೆಟ್ಟು ಮತ್ತು ಸೊಂಟನೋವು. ಎರಡೂ ನಿಜ, ಇಲ್ಲವೆನ್ನುವುದಿಲ್ಲ. ಆದರೆ ಈ ಕೆಲಸದಲ್ಲಿ ಎದ್ದು ಕುಣಿಯಬೇಕು ಅನ್ನಿಸುವಂಥ ಖುಷಿಯೂ ಇದೆ. ಅದನ್ನು ಯಾರೂ ಹೇಳುವುದಿಲ್ಲವಲ್ಲ, ನಾನು ಹೇಳುತ್ತೇನೆ.

ಹೆಲ್ಪರ್ ಆಗಿದ್ದವಳು ಸೂಪರ್‌ವೈಸರ್ ಆದದ್ದು ಹೇಗೆ ಎಂದು ಮಾತ್ರ ಕೇಳಬೇಡಿ. ಅವರು ಮಾಡಿದರು, ನಾನು ಆದೆ. ಅದರಲ್ಲಿ ಕಥೆ ಏನೂ ಇಲ್ಲ.

ಕಥೆ ಇರುವುದು ಕುಂಕುಮದಲ್ಲಿ. ಟೈಲರ್ ಆಗಿ ನನ್ನ ಕೈಗೆ ಸ್ವಂತ ಮಿಷನ್ನು ಬಂದ ವರ್ಷದ ಆಯುಧಪೂಜೆ. ಉಳಿದವರೆಲ್ಲ ಮಿಷನ್ನಿನ ತಲೆಗೆ ಒಂದು ಬೊಟ್ಟು ಇಟ್ಟು ಹೂವು ಮುಡಿಸಿ ಸುಮ್ಮನಾದರು. ನನ್ನ ಭಕ್ತಿ ಅಷ್ಟಕ್ಕೆ ತೃಪ್ತಿಯಾಗಬೇಕಲ್ಲ! ಸೂಜಿಯ ಕಂಬಿಗೆ, ಬಟ್ಟೆ ಒತ್ತುವ ಪಾದಕ್ಕೆ, ಬಾಬಿನ್ ಮುಚ್ಚಳಕ್ಕೆ, ಎಲ್ಲಕ್ಕೂ ಎಣ್ಣೆಯಲ್ಲಿ ಕಲಸಿದ ಕುಂಕುಮ ಬಳಿದೆ. ಹಬ್ಬ ಕಳೆದು ಬಂದರೆ ಲೈನಿಗೆ ಬಿಟ್ಟಿದ್ದು ಬಿಳಿ ಅಂಗಿ. ನಾನು ಕಾಲರ್ ಹೊಲಿಯುವವಳು. ನನ್ನ ಕೈ ದಾಟಿ ಹೋದ ಪ್ರತಿಯೊಂದು ಕಾಲರಿನ ಮೇಲೂ ಕೆಂಪು ಬೊಟ್ಟು.

ಆಗ ನಮ್ಮ ಫ್ಲೋರ್ ನೋಡಿಕೊಳ್ಳುತ್ತಿದ್ದವರು ನಂಜುಂಡಯ್ಯನವರು. ಒಂದು ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಬಂದರು. "ಯಾರಮ್ಮಾ ಆ ಮಹಾತಾಯಿ, ಗಂಡಸರ ಅಂಗಿಗೆಲ್ಲ ಮುತ್ತೈದೆತನ ಕೊಟ್ಟೋಳು?"

ಇಡೀ ಫ್ಲೋರು ನಕ್ಕಿತು. ನಾನು ಅತ್ತೆ. ಪಕ್ಕದ ಗೆಳತಿ ಕನಿಕರಪಟ್ಟು ಅರ್ಧ ಅಂಗಿಗಳನ್ನು ತನ್ನ ಕಡೆ ಎಳೆದುಕೊಂಡಳು. ನಂಜುಂಡಯ್ಯನವರು ಅವಳ ಕೈ ತಡೆದರು.

"ಬೇಡ ಕಣಮ್ಮ. ಯಾರು ಹೊಲಿದ್ರೋ ಅವರೇ ಬಿಚ್ಚಬೇಕು. ಹೊಲಿದೋಳಿಗೆ ದಾರ ಎಲ್ಲಿ ಶುರುವಾಯ್ತು ಅಂತ ಗೊತ್ತಿರ್ತದೆ. ಬೇರೆಯೋರು ಎಳೆದ್ರೆ ಬಟ್ಟೆ ಹರೀತದೆ."

ಕೂತು ಎಲ್ಲ ಕಾಲರನ್ನೂ ಬಿಚ್ಚಿ, ಹೊಸ ತುಂಡು ಹಾಕಿ ಮತ್ತೆ ಹೊಲಿದೆ. ಅವತ್ತಿನ ಆ ಮಾತು ನನ್ನ ಜೊತೆಗೇ ಬಂತು, ನಾನು ಸೂಪರ್‌ವೈಸರ್ ಆದ ಮೇಲೆ ಅದನ್ನೇ ನನ್ನ ಲೈನಿನ ಕಾನೂನು ಮಾಡಿದೆ. ಹೊಲಿಗೆ ತಪ್ಪಿದರೂ ಅಷ್ಟೇ, ಮಾತು ತಪ್ಪಿದರೂ ಅಷ್ಟೇ. ಯಾರು ಹಾಕಿದರೋ ಅವರೇ ಬಿಚ್ಚಬೇಕು.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಮೊದಲು ಒಬ್ಬ ಒಳ್ಳೆ ಟೈಲರ್ ಇಡೀ ಅಂಗಿ ಹೊಲಿಯಬಲ್ಲವಳಾಗಿದ್ದಳು. ಈಗ ಒಬ್ಬಳು ಜೇಬು, ಒಬ್ಬಳು ತೋಳು. ದಾರ ಕತ್ತರಿಸಲು ಕತ್ತರಿಯೂ ಬೇಡ, ಮಿಷನ್ನೇ ಕತ್ತರಿಸುತ್ತದೆ. ಹಳಬರು ಗೊಣಗಿದರು. ನನಗಂತೂ ಹೊಸ ಮಿಷನ್ನು ಬಂದರೆ ಮನೆಗೆ ಹೊಸ ಸೊಸೆ ಬಂದಷ್ಟು ಸಂಭ್ರಮ. ಅದರ ಗುಣ ಏನು, ಸಿಟ್ಟು ಎಲ್ಲಿದೆ ಎಂದು ನೋಡುವವರೆಗೆ ಸಮಾಧಾನವಿಲ್ಲ.

ನಾನು ನಿವೃತ್ತಿಯಾಗುವುದಕ್ಕೆ ಎರಡು ವರ್ಷ ಮುಂಚೆ ನಮ್ಮ ಕಾರ್ಖಾನೆಗೆ ಮಾಯ್ ಬಂದಳು. ವಿಯೆಟ್ನಾಂ ದೇಶದ ಹನೋಯ್ ನಗರದ ಹುಡುಗಿ. ಅಲ್ಲಿಯ ಕಾಲೇಜಿನಲ್ಲಿ ಬಟ್ಟೆ ತಯಾರಿಕೆ ಓದುತ್ತಿದ್ದಳು, ಕೆಲಸ ಕಲಿಯಲು ಅರ್ಧ ವರ್ಷ ಇಲ್ಲಿಗೆ ಕಳಿಸಿದ್ದರು. ನನ್ನ ಲೈನಿಗೆ ಹಾಕಿದರು. ಊರಿನ ಹೋಟೆಲ್ ಊಟ ಅವಳಿಗೆ ಆಗಿಬರಲಿಲ್ಲ. "ನಮ್ಮನೇಲೇ ಇರಲಿ ಬಿಡಿ ಸಾರ್" ಎಂದು ಮ್ಯಾನೇಜರಿಗೆ ಹೇಳಿ ರಾಜಘಟ್ಟದ ನಮ್ಮ ಮನೆಗೆ ಕರೆದುಕೊಂಡು ಬಂದೆ. ಊರಾಚೆ ನೆಲ ಅಗೆದಾಗ ಹಳೇ ಕಾಲದ ಬೌದ್ಧರ ಗುಡಿಯ ಪಾಯ ಸಿಕ್ಕಿತ್ತಲ್ಲ, ಆ ಜಾಗ ತೋರಿಸಿದೆ. ಚಪ್ಪಲಿ ಬಿಟ್ಟು ಕೈಮುಗಿದು, ಫೋಟೋ ತೆಗೆದು ತಾಯಿಗೆ ಕಳಿಸಿದಳು. ದಿನಾ ಆ ದಾರಿಯಲ್ಲೇ ಹಸು ಹೊಡೆದುಕೊಂಡು ಹೋಗುವ ನಮ್ಮ ಯಜಮಾನರು ಅವತ್ತಿನಿಂದ ಅಲ್ಲಿ ಬೀಡಿ ಸೇದುವುದು ಬಿಟ್ಟರು.

ಮಾಯ್ ಫ್ಲೋರಿನಲ್ಲೇ ಕನ್ನಡ ಕಲಿತಳು. ಹೆಂಗಸರು ಅವಳನ್ನು ಮಾಯಕ್ಕ ಎಂದು ಕರೆದರು. ನನ್ನ ಮಗ ಚೇತನ ಅವಳಿಗೆ ಮುದ್ದೆ ನುಂಗುವುದನ್ನು ಕಲಿಸಿದ. ಅದಕ್ಕೂ ಒಂದು ಫೋಟೋ, ಅದೂ ತಾಯಿಗೆ ಹೋಯಿತು. ಆ ಫೋಟೋ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಅವಳು ಹೊರಟಾಗ ನಾನು ಅರಿಶಿನ ಕುಂಕುಮ ಕೊಟ್ಟು, ರವಿಕೆ ಕಣ ಇಟ್ಟು ಕಳಿಸಿದೆ. "ಜಯಕ್ಕ, ನೀವು ನಮ್ಮೂರಿಗೆ ಬನ್ನಿ. ನಾನೇ ಸುತ್ತಿಸ್ತೀನಿ" ಅಂದಳು. ಆಯ್ತು ಬರ್ತೀನಮ್ಮ ಅಂದೆ. ಬಾಯಿಮಾತಿಗೆ ಅಂದದ್ದು.

ಮಾರನೇ ವರ್ಷವೇ ನಮ್ಮ ಕಾರ್ಖಾನೆಯವರು ಚಳಿಗಾಲದ ದಪ್ಪ ಜಾಕೆಟ್ ಹೊಲಿಯುವ ಲೈನು ಶುರುಮಾಡಲು ಹೊರಟರು. ಒಳಗೆ ಹತ್ತಿಯಂಥದ್ದು ತುಂಬಿ ಹೊಲಿಯುವ ಕೆಲಸ, ನಮಗೆ ಹೊಸದು. ಅದನ್ನು ನೋಡಿಕೊಂಡು ಬರಲು ಮ್ಯಾನೇಜರು, ಒಬ್ಬ ಮೆಕ್ಯಾನಿಕ್ಕು, ಮತ್ತು ನಾನು, ಒಂದು ವಾರಕ್ಕೆ. ಎಲ್ಲಿಗೆ ಅಂತೀರಿ? ಹನೋಯಿಗೆ! ಸುದ್ದಿ ಕೇಳಿದವಳು ಲೈನಿನ ನಡುವೆಯೇ ಚಪ್ಪಾಳೆ ತಟ್ಟಿಬಿಟ್ಟೆ.

ನನ್ನ ತವರು ಕುಂದಾಣ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆದ ಮೇಲೆ ನಮ್ಮ ಹೊಲದ ಮೇಲೆ ವಿಮಾನ ಹಾರುವುದು ಕಾಗೆ ಹಾರಿದಷ್ಟೇ ಮಾಮೂಲು. ರಜೆಗೆ ಹೋದಾಗ ಕಳೆ ಕೀಳುತ್ತಾ ನಾನು ತಲೆಯೆತ್ತಿದರೆ ನಮ್ಮಣ್ಣ, "ನೋಡ್ದೇನೇ ಜಯಾ, ನಿನ್ ಬಸ್ಸು ಹೊರಟೋಯ್ತು" ಎಂದು ರೇಗಿಸುತ್ತಿದ್ದ. ಈಗ ನಾನು ಆ ಬಸ್ಸಿನೊಳಗೆ! ಕಿಟಕಿಗೆ ಮೂಗು ಒತ್ತಿಕೊಂಡು ಕೆಳಗೆ ತವರಿನ ಹೊಲ ಹುಡುಕಿದೆ. ಕಂಡಿದ್ದೆಲ್ಲ ಒಂದೇ ಥರ. ಯಾವುದೋ ಒಂದಕ್ಕೆ ಕೈ ಬೀಸಿದೆ, ಯಾರದಾದರೂ ಆಗಲಿ.

ಹನೋಯ್ ಹೊರವಲಯದ ಆ ಕಾರ್ಖಾನೆಗೆ ಹೋದರೆ ಬಾಗಿಲಲ್ಲೇ ನೆಲದ ಮೇಲೆ ಒಂದು ಪುಟ್ಟ ಕೆಂಪು ಗುಡಿ. ಊದುಬತ್ತಿ, ಬಾಳೆಹಣ್ಣು, ಒಂದು ಬಿಸ್ಕತ್ ಪೊಟ್ಟಣ. ನನಗೆ ಎಂಥ ಸಂತೋಷ! ಎಷ್ಟು ದೂರ ಬಂದರೂ ಕಾರ್ಖಾನೆಗೆ ದೇವರು ಬೇಕೇ ಬೇಕು. ಮಿಷನ್ನಿಗೆ ಕುಂಕುಮ ಬಳಿಯುತ್ತೀರಾ ಎಂದು ಮ್ಯಾನೇಜರಿಂದ ಕೇಳಿಸಿದೆ. ಇಲ್ಲವಂತೆ. ಬುದ್ಧಿವಂತರು.

ಭಾನುವಾರ ರಜೆ. ಬೆಳಿಗ್ಗೆಯೇ ಹೋಟೆಲ್ ಮುಂದೆ ಸ್ಕೂಟರ್ ಹಾರ್ನ್. ಮಾಯ್! ಕೈಯಲ್ಲಿ ಇನ್ನೊಂದು ಹೆಲ್ಮೆಟ್ಟು.

"ಜಯಕ್ಕಾ! ಊಟ ಆಯ್ತಾ?"

ನಮ್ಮ ಹಾಗೆ ಅವರೂ ಕಂಡವರನ್ನೆಲ್ಲ ಊಟ ಆಯ್ತಾ ಎಂದೇ ಮಾತಾಡಿಸುವುದಂತೆ. ನಾನು ಸೀರೆಯನ್ನು ಮೊಣಕಾಲಿಗೆ ಸುತ್ತಿ ಸಿಕ್ಕಿಸಿ ಹಿಂದೆ ಕೂತೆ. ಹೊರಟೆವು ನೋಡಿ! ಬಾಶೆಟ್ಟಿಹಳ್ಳಿಯಲ್ಲಿ ಪಾಳಿ ಬಿಡುವ ಹೊತ್ತಿನ ಗಾಡಿಗಳ ಗಲಾಟೆ ನೋಡಿದ್ದೀರಲ್ಲ? ಆ ಊರಿನಲ್ಲಿ ದಿನವಿಡೀ ಪಾಳಿ ಬಿಡುತ್ತಲೇ ಇರುತ್ತದೆ. ಒಬ್ಬ ಹಿಂದೆ ಇಡೀ ಕಿತ್ತಳೆ ಗಿಡ ಕಟ್ಟಿಕೊಂಡು ಹೋಗುತ್ತಿದ್ದ, ಕುಂಡದ ಸಮೇತ. ಇನ್ನೊಬ್ಬಳು ಕನ್ನಡಿ ಬೀರು. ನನ್ನ ಸೀರೆ ಕಂಡವರೆಲ್ಲ ಕೈ ಬೀಸುವವರೇ. ನಾನೂ ಎಲ್ಲರಿಗೂ ಬೀಸಿದೆ, ಚುನಾವಣೆಗೆ ನಿಂತವಳ ಹಾಗೆ.

ಕೆರೆಯ ಹತ್ತಿರ ಗಾಡಿ ನಿಲ್ಲಿಸಿ ರಸ್ತೆ ದಾಟಬೇಕಿತ್ತು. ನಾನು ಗಾಡಿ ನಿಲ್ಲಲಿ ಅಂತ ಕಾದೆ. ನಿಲ್ಲುವ ಲಕ್ಷಣವೇ ಇಲ್ಲ.

"ಜಯಕ್ಕ, ಓಡಬೇಡಿ, ನಿಲ್ಲಬೇಡಿ. ಮೆಲ್ಲಗೆ ಹೋಗ್ತಾ ಇರಿ. ಅವರೇ ಪಕ್ಕಕ್ಕೆ ಹೋಗ್ತಾರೆ."

ಕಣ್ಣುಮುಚ್ಚಿ ಮನೆದೇವರನ್ನು ನೆನೆದು ಕಾಲಿಟ್ಟೆ. ನಿಜವಾಗಿಯೂ ಗಾಡಿಗಳು ನೀರಿನ ಹಾಗೆ ಎರಡೂ ಕಡೆ ಸರಿದು ಹೋದವು. ಆಚೆ ದಡ ಸೇರಿದ ಮೇಲೆ ಎಷ್ಟು ಖುಷಿಯಾಯಿತೆಂದರೆ, ಇನ್ನೊಂದು ಸಲ ದಾಟೋಣ ಬಾ ಎಂದು ಅವಳನ್ನು ಎಳೆದುಕೊಂಡು ವಾಪಸ್ಸು ಹೋಗಿ ಮತ್ತೆ ದಾಟಿ ಬಂದೆ.

ಕೆರೆ, ಅದರ ಮೇಲೆ ಕೆಂಪು ಮರದ ಸೇತುವೆ, ದಡದಲ್ಲಿ ಮೊಣಕಾಲೆತ್ತರವೂ ಇಲ್ಲದ ಪ್ಲಾಸ್ಟಿಕ್ ಸ್ಟೂಲು. ಅಲ್ಲಿ ಕೂರಿಸಿ ಮೊಟ್ಟೆ ಹಾಕಿದ ಕಾಫಿ ಕೊಡಿಸಿದಳು. ಅವತ್ತು ಹುಣ್ಣಿಮೆ, ಹುಣ್ಣಿಮೆ ದಿನ ನಾನು ಮೊಟ್ಟೆ ಮುಟ್ಟುವುದಿಲ್ಲ. ವಾಸನೆ ನೋಡಿ, ಕಾಫಿಗೆ ಮೊಟ್ಟೆ ಹಾಕುವ ಜನರ ಧೈರ್ಯಕ್ಕೆ ಕೈಮುಗಿದು, ಬರೀ ಕಾಫಿ ತರಿಸಿಕೊಂಡೆ. ಅಲ್ಲೇ ಮಾಯ್ ಬಾಯಿಬಿಟ್ಟಳು.

ಓದು ಮುಗಿದಿತ್ತು. ನಮ್ಮ ಕಾರ್ಖಾನೆಯವರು ಅವಳನ್ನು ಜಾಕೆಟ್ ಲೈನಿಗೆ ಕಲಿಸುವವಳಾಗಿ ಕರೆದಿದ್ದರು. ಅವಳಿಗೆ ಬರುವ ಆಸೆ, ಎಷ್ಟು ಅಂದರೆ ಕಪ್ಪಿನ ಕಾಫಿ ತಣ್ಣಗಾದರೂ ಅದನ್ನೇ ಹೇಳುತ್ತಿದ್ದಳು. ತಾಯಿ ಬೇಡವೆಂದು ಹಟ ಹಿಡಿದಿದ್ದರು. ತಂದೆ ಬಂದರಿಗೆ ಲಾರಿ ಹೊಡೆಯುವವರು, ತಾಯಿ ಹೇಳಿದ್ದೇ ಅವರಿಗೂ ಮಾತು. ನಮ್ಮವರಿಗೆ ಉತ್ತರ ಕೊಡಬೇಕಾದ ದಿನ ಹತ್ತಿರ ಬಂದಿತ್ತು.

"ಯಾಕೆ ಬೇಡವಂತೆ?"

"ಇಂಡಿಯಾಗೆ ಹೋದ್ರೆ ಅಲ್ಲೇ ಯಾರನ್ನೋ ಮದುವೆ ಆಗ್ತೀಯ, ವಾಪಸ್ ಬರಲ್ಲ ಅಂತಾರೆ. ಜಯಕ್ಕ, ನೀವು ಮಾತಾಡಿ. ನೀವು ಹೇಳಿದ್ರೆ ಕೇಳ್ತಾರೆ. ಇವತ್ತು ಮನೇಲಿ ನಿಮಗೆ ಊಟ."

"ಅಷ್ಟೇ ತಾನೆ? ಬಾ, ನಾನು ನೋಡ್ಕೋತೀನಿ. ಹೆಂಗಸರ ಜೊತೆ ಏಗಿ ಏಗಿ ತಲೆ ನೆರೆತಿರೋದು ನಂದು."

ನನ್ನ ಧೈರ್ಯ ನೋಡಿ! ಜಂಬದ ಕೋಳಿ ಅಂತ ಸುಮ್ಮನೆ ಹೇಳುತ್ತಾರಾ?

ಅವಳು ಗಾಡಿ ತರಲು ಹೋದಾಗ ಪಕ್ಕದ ಮಾರುಕಟ್ಟೆಗೆ ನುಗ್ಗಿದೆ. ಮೊದಲ ಸಲ ಒಬ್ಬರ ಮನೆಗೆ, ಅದೂ ಇಂಥ ಕೆಲಸಕ್ಕೆ, ಬರಿಗೈಯಲ್ಲಿ ಹೋಗುವುದೇ? ಅಲ್ಲಿ ನೋಡಿದರೆ ಒಬ್ಬ ಮುದುಕಿಯ ಬುಟ್ಟಿಯಲ್ಲಿ ವೀಳ್ಯದೆಲೆ! ಪಕ್ಕದಲ್ಲಿ ಹಸಿರು ಅಡಿಕೆಯ ಗೊನೆ! ನನ್ನ ದೊಡ್ಡಬಳ್ಳಾಪುರದ ಸಂತೆಯೇ ಎದುರು ಬಂದು ನಿಂತ ಹಾಗಾಯಿತು. ಕೈಸನ್ನೆಯಲ್ಲೇ ವ್ಯಾಪಾರ ಮಾಡಿದೆ. ಮುದುಕಿ ನನ್ನ ಮುಖ ನೋಡಿ ಏನೋ ಅರ್ಥವಾದವಳ ಹಾಗೆ ನಕ್ಕು, ಎಲ್ಲವನ್ನೂ ಕೆಂಪು ಕಾಗದದಲ್ಲಿ ಸುತ್ತಿ, ಕೆಂಪು ಟೇಪು ಕಟ್ಟಿಕೊಟ್ಟಳು. ಎಷ್ಟು ಮಂಗಳಕರ ಅಂದುಕೊಂಡು ಚೀಲಕ್ಕೆ ಹಾಕಿಕೊಂಡೆ. ಮಾಯ್‌ಗೆ ತೋರಿಸಲಿಲ್ಲ. ತೋರಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಅವರ ಮನೆ ಒಂದು ಗಲ್ಲಿಯಲ್ಲಿ, ಬೆಂಕಿಪೊಟ್ಟಣ ನಿಲ್ಲಿಸಿದಂತೆ ಕಿರಿದು, ಎತ್ತರ. ಕೆಳಗೆ ತಾಯಿಯ ಹೊಲಿಗೆ ಅಂಗಡಿ, ಮೇಲೆ ಸಂಸಾರ. ಅಂಗಡಿಯಲ್ಲಿ ತಾಯಿ, ಅವರ ಹತ್ತಿರ ಕೆಲಸ ಮಾಡುವ ಇಬ್ಬರು ಹೆಂಗಸರು, ಮೂಲೆಯ ಕುರ್ಚಿಯಲ್ಲಿ ಅಜ್ಜಿ. ತಾಯಿ ಸಣ್ಣ ಮೈಯ ಹೆಂಗಸು, ಕೊರಳಲ್ಲಿ ಅಳತೆ ಟೇಪು. ನಗುನಗುತ್ತಾ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅಜ್ಜಿ ಅಂತೂ ನಮ್ಮೂರಿನ ಹಳೇ ಗುಡಿಯ ಫೋಟೋ ನೆನೆಸಿಕೊಂಡು ನನಗೇ ಕೈಮುಗಿದರು. ಹುಣ್ಣಿಮೆಯ ದಿನ ಅವರದ್ದೂ ಸಸ್ಯಾಹಾರವಂತೆ. ಅಣಬೆ, ಸೊಪ್ಪು, ಅನ್ನ ಊಟಮಾಡಿದೆ. ಎಲ್ಲ ಚೆನ್ನಾಗಿತ್ತು.

ಊಟವಾದ ಮೇಲೆ ಅಜ್ಜಿಗೆ ಸನ್ನೆ ಮಾಡಿ ಒಂದು ತಟ್ಟೆ ಕೇಳಿದೆ. ಅವರು ಕೆಂಪು ಬಣ್ಣದ ದುಂಡು ತಟ್ಟೆ ಕೊಟ್ಟರು. ಅದರಲ್ಲಿ ಎಲೆ, ಅಡಿಕೆಯ ಗೊನೆ, ಬಾಳೆಹಣ್ಣು, ಊರಿಂದ ತಂದಿದ್ದ ಹಸಿರು ರೇಷ್ಮೆಯ ರವಿಕೆ ಕಣ, ಬಳೆ, ಕುಂಕುಮದ ಪೊಟ್ಟಣ, ಎಲ್ಲ ಒಪ್ಪವಾಗಿ ಜೋಡಿಸಿದೆ. ಸೆರಗು ಹೊದ್ದು, ಎರಡೂ ಕೈಯಿಂದ ಮಾಯ್‌ಳ ತಾಯಿಗೆ ಕೊಟ್ಟೆ.

ಅವರು ತಟ್ಟೆ ಹಿಡಿದುಕೊಂಡರು. ಮುಖದ ನಗು ಹೋಯಿತು. ಇಬ್ಬರು ಹೆಂಗಸರ ಮಿಷನ್ನು ನಿಂತಿತು. ಅಜ್ಜಿ ಮಾತ್ರ ಬೊಚ್ಚುಬಾಯಿ ತೆರೆದು ಖುಷಿಯಿಂದ ಏನೋ ಕೂಗಿದರು.

"ಅಯ್ಯೋ ಜಯಕ್ಕ!" ಮಾಯ್ ತಲೆಗೆ ಕೈ ಹೊತ್ತಳು. "ಇದೇನು ಮಾಡಿದ್ರಿ?"

"ತಾಂಬೂಲ ಕಣೇ. ನಿನಗೂ ಕೊಟ್ಟು ಕಳಿಸಿರಲಿಲ್ವಾ?"

"ನನಗೆ ಬಟ್ಟೆ ಕೊಟ್ರಿ, ಕುಂಕುಮ ಕೊಟ್ರಿ. ಎಲೆ ಅಡಿಕೆ ಕೊಟ್ಟಿರಲಿಲ್ಲ. ಇಲ್ಲಿ ಗಂಡಿನ ಕಡೆಯೋರು ಎಲೆ ಅಡಿಕೆ ತಂದು ಹೆಣ್ಣು ಕೇಳೋದು!"

ತಾಯಿ ತಟ್ಟೆಯನ್ನು ಮಿಷನ್ನಿನ ಮೇಲಿಟ್ಟು ತಮ್ಮ ಮೊಬೈಲು ತಂದು ನನ್ನ ಮುಖಕ್ಕೆ ಹಿಡಿದರು. ಅದೇ ಫೋಟೋ. ನನ್ನ ಮಗ, ಮಾಯ್, ನಡುವೆ ಮುದ್ದೆ. ಆಮೇಲೆ ಮಗಳ ಕಡೆ ತಿರುಗಿ ಏನೋ ಹೇಳಿದರು. ಮಾಯ್ ಕನ್ನಡಕ್ಕೆ ತಿರುಗಿಸಬೇಕಾಗಿರಲಿಲ್ಲ. ಮಕ್ಕಳಿಗೆ ಇಲ್ಲ ಅನ್ನುವ ತಾಯಂದಿರ ದನಿ ಎಲ್ಲ ಊರಲ್ಲೂ ಒಂದೇ. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಅವಳು ಆಸೆಪಟ್ಟ ಕೆಲಸ ನನ್ನ ಎಲೆ ಅಡಿಕೆಯಿಂದಲೇ ಕೈತಪ್ಪುತ್ತಿತ್ತು.

ಮಾಯ್ ತಾನೇ ತಾಯಿಗೆ ಸಮಜಾಯಿಷಿ ಕೊಡಲು ಹೊರಟಳು. ನಂಜುಂಡಯ್ಯನವರು ನೆನಪಾದರು. "ನೀನು ಸುಮ್ನಿರು ಮಾಯ್. ಹೊಲಿದೋಳು ನಾನು, ನಾನೇ ಬಿಚ್ತೀನಿ. ಹೇಳಿದಷ್ಟು ಅವರಿಗೆ ಹೇಳು."

ಕೊಟ್ಟ ತಾಂಬೂಲ ವಾಪಸ್ಸು ತೆಗೆದುಕೊಳ್ಳುವಂತಿಲ್ಲ, ನಮ್ಮಲ್ಲಿ ಅದು ಅಪಶಕುನ. ಹಾಗಾದರೆ ಹಂಚಬಹುದಲ್ಲ! ತಟ್ಟೆ ಎತ್ತಿಕೊಂಡು ಮೊದಲು ಅಜ್ಜಿಯ ಹತ್ತಿರ ಹೋದೆ. ಗಂಡ ಇದ್ದಾನೋ ಇಲ್ಲವೋ ಕೇಳಲಿಲ್ಲ, ಕೇಳದಿದ್ದದ್ದೇ ಒಳ್ಳೆಯದಾಯಿತು. ಹಣೆಗೆ ಕುಂಕುಮ ಇಟ್ಟು ಕೈಗೆ ಎಲೆ ಅಡಿಕೆ ಕೊಟ್ಟೆ. ಆಮೇಲೆ ಕೆಲಸದ ಹೆಂಗಸರಿಬ್ಬರಿಗೂ ಕೊಟ್ಟೆ. ಬಾಗಿಲಲ್ಲಿ ಇಣುಕಿ ನೋಡುತ್ತಿದ್ದ ಪಕ್ಕದ ಮನೆಯಾಕೆಯನ್ನೂ ಕೈಹಿಡಿದು ಒಳಗೆ ಕರೆದು ಕೊಟ್ಟೆ.

"ಕೇಳು ಅವರನ್ನ," ಎಂದೆ ಮಾಯ್‌ಗೆ. "ಈ ಅಜ್ಜೀನೂ ನನ್ನ ಮಗನಿಗೆ ಕೇಳ್ತಿದೀನಾ? ನಮ್ಮ ಕಡೆ ಹೆಂಗಸರು ಹೆಂಗಸರಿಗೆ ಮರ್ಯಾದೆ ಮಾಡೋದು ಹೀಗೆ. ನಿಮ್ಮ ಮಗಳನ್ನ ಸೊಸೆ ಮಾಡ್ಕೊಳ್ಳೋ ಯೋಚನೆ ನನಗಿಲ್ಲ ಅಂತ ಹೇಳು."

ಮಾಯ್ ಹೇಳಿದಳು. ಅಜ್ಜಿ ಹಣೆ ಮುಟ್ಟಿ ನೋಡಿಕೊಂಡು ಗಹಗಹಿಸಿ ನಕ್ಕರು, ಉಳಿದವರೂ ನಕ್ಕರು. ಆದರೆ ತಾಯಿಯ ಮುಖ ಇನ್ನಷ್ಟು ಬಿಗಿಯಾಯಿತು. ಸೊಂಟಕ್ಕೆ ಕೈಯಿಟ್ಟು ಏನೋ ಕೇಳಿದರು.

ಮಾಯ್ ಅಳುವುದೋ ನಗುವುದೋ ತಿಳಿಯದೆ, "ನನ್ನ ಮಗಳಿಗೆ ಏನು ಕಮ್ಮಿ ಅಂತ ಕೇಳ್ತಿದಾರೆ ಜಯಕ್ಕ" ಎಂದಳು.

ನೋಡಿದಿರಾ! ಕೇಳಿದರೂ ಸಿಟ್ಟು, ಬೇಡ ಅಂದರೂ ಸಿಟ್ಟು. ತಾಯಿ ಅಂದರೆ ಹೀಗೇ ಇರಬೇಕು ಅನ್ನಿಸಿ ಆಕೆಯ ಮೇಲೆ ನನಗೆ ಅಕ್ಕರೆ ಉಕ್ಕಿತು.

"ನಿಮ್ಮ ಮಗಳು ಚಿನ್ನದಂಥೋಳು ಅಂತ ಹೇಳು. ಐಬು ಇರೋದು ನನ್ನ ಮಗನಲ್ಲಿ. ಹೊತ್ತು ನೆತ್ತಿಗೆ ಬಂದ್ರೂ ಏಳಲ್ಲ. ಅಂಥೋನಿಗೆ ಯಾರಾದ್ರೂ ಹೆಣ್ಣು ಕೊಡ್ತಾರಾ ಅಂತ ಕೇಳು."

ಈ ಸಲ ತಾಯಿಯೂ ನಕ್ಕರು. ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ತಟ್ಟೆಯಲ್ಲಿದ್ದ ಹಸಿರು ಕಣ ಎತ್ತಿ, ಬೆರಳಲ್ಲಿ ಉಜ್ಜಿ ನೋಡಿದರು. ಕೊರಳ ಟೇಪು ತೆಗೆದು ನನ್ನ ತೋಳಿಗೆ ಸುತ್ತಿದರು. ನಿಮಗೆ ಕೊಟ್ಟದ್ದು ಎಂದು ನಾನು ಹೇಳಿದರೂ ಕೇಳಲಿಲ್ಲ, ನನಗೇ ರವಿಕೆ ಹೊಲಿಯುತ್ತಾರಂತೆ. ತೋಳು, ಭುಜ, ಬೆನ್ನು ಅಳೆಯುತ್ತಾ ಒಂದೊಂದೇ ಪ್ರಶ್ನೆ ಹಾಕಿದರು. ನಾನು ಅಲುಗಾಡುವಂತಿಲ್ಲ. ಪೊಲೀಸರೂ ಇಷ್ಟು ಚೆನ್ನಾಗಿ ವಿಚಾರಿಸುವುದಿಲ್ಲ.

ನಿಮ್ಮ ಮನೆಯಲ್ಲಿ ಅವಳು ಎಲ್ಲಿ ಮಲಗುತ್ತಾಳೆ? ಒಳಗಿನ ಕೋಣೆಯಲ್ಲಿ, ಚಿಲಕ ಇದೆ. ಕಾರ್ಖಾನೆಗೆ ಹೇಗೆ ಹೋಗುತ್ತಾಳೆ? ನಮ್ಮ ಲೈನಿನವರ ಜೊತೆ ಬಸ್ಸಿನಲ್ಲಿ. ಜ್ವರ ಬಂದರೆ?

ಇದಕ್ಕೆ ನಾನು ಮಾಯ್‌ಳ ಮುಖ ನೋಡಿದೆ. ಅವಳು ಹೇಳಬೇಡಿ ಎಂದು ತಲೆಯಾಡಿಸಿದಳು. ನಾನು ಹೇಳಿಬಿಟ್ಟೆ. "ಬಂದಿತ್ತಮ್ಮ. ಕೈಕಾಲು ಹಿಡಿದುಕೊಳ್ಳೋ ಜ್ವರ. ನೀವು ಗಾಬರಿಯಾಗ್ತೀರ ಅಂತ ನಿಮಗೆ ಹೇಳಿಲ್ಲ ಇವಳು. ಡಾಕ್ಟರ ಹತ್ರ ನಾನೇ ಕರಕೊಂಡು ಹೋದೆ, ಮೆಣಸಿನ ಸಾರು ಕುಡಿಸ್ದೆ. ಅವಳ ಪಕ್ಕದಲ್ಲೇ ಮಲಗ್ತಿದ್ದೆ. ಅಮ್ಮಾ ಅಮ್ಮಾ ಅಂತ ನಿಮ್ಮನ್ನೇ ಕರೀತಿತ್ತು ಮಗು."

ಮಾಯ್ ತಲೆ ತಗ್ಗಿಸಿ ಅಷ್ಟನ್ನೂ ತಾಯಿಗೆ ಹೇಳಿದಳು. ನನ್ನ ಬೆನ್ನ ಮೇಲಿದ್ದ ಟೇಪು ಹಾಗೇ ನಿಂತಿತು. ತಾಯಿ ಹೋಗಿ ಮಿಷನ್ನಿನ ಮುಂದೆ ಕೂತು ರವಿಕೆ ಹೊಲಿಯಲು ಶುರುಮಾಡಿದರು.

ನಾವು ಅಜ್ಜಿಯ ಜೊತೆ ಕೂತೆವು. ಅಜ್ಜಿ ಎಲೆಗೆ ಸುಣ್ಣ ಹಚ್ಚಿ ಮಡಿಸಿ ನನಗೊಂದು ಕೊಟ್ಟರು, ತಾವೊಂದು ಹಾಕಿಕೊಂಡರು. ಇಬ್ಬರೂ ಅಗಿಯುತ್ತಾ ಮಿಷನ್ನಿನ ಸದ್ದು ಕೇಳಿದೆವು. ಮಾಯ್ ಉಗುರು ಕಚ್ಚುತ್ತಿದ್ದಳು. ಮಿಷನ್ನು ನಿಲ್ಲುವುದು, ಮತ್ತೆ ಓಡುವುದು. ಬಟ್ಟೆಗಿಂತ ಹೆಚ್ಚಾಗಿ ಆಕೆ ಮನಸ್ಸಲ್ಲಿ ಏನನ್ನೋ ಹೊಲಿಯುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಅಂಥ ಹೊತ್ತಿನಲ್ಲಿ ಸೂಪರ್‌ವೈಸರ್ ಆದವಳು ಬಾಯಿ ಹಾಕಬಾರದು.

ಹೊರಡುವ ಹೊತ್ತಾಯಿತು. ಹೊಸ ರವಿಕೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ತಾಯಿ, ತಡಿ ಎಂದು ಕೈ ತೋರಿಸಿ ಒಳಗೆ ಹೋದರು. ಬಂದಾಗ ಕೈಯಲ್ಲಿ ಅದೇ ಕೆಂಪು ತಟ್ಟೆ. ಉಳಿದ ಎಲೆಗಳನ್ನು ತೊಳೆದು ಜೋಡಿಸಿದ್ದರು, ಮೇಲೆ ಅಡಿಕೆ. ನಾನು ಕೊಟ್ಟ ಹಾಗೆಯೇ, ಎರಡೂ ಕೈಯಿಂದ ನನ್ನ ಮುಂದೆ ಹಿಡಿದು ಮೆಲ್ಲಗೆ ಏನೋ ಹೇಳಿದರು. ಮಾಯ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

"ಏನಂತೆ, ಹೇಳೇ!"

"ಈಗ ನಾನು ಕೊಡ್ತಿದೀನಿ ಅಂತಾರೆ. ಮಗಳನ್ನ. ಮದುವೆಗಲ್ಲ, ಕೆಲಸಕ್ಕೆ. ಜ್ವರ ಬಂದ್ರೆ ಇನ್ಮೇಲೆ ನನಗೂ ಹೇಳಬೇಕು ಅಂತಾರೆ."

ನಾನು ಸೆರಗೊಡ್ಡಿದೆ. ಆಕೆ ಎಲೆ ಅಡಿಕೆ ನನ್ನ ಮಡಿಲಿಗೆ ಹಾಕಿದರು. ಆ ಖುಷಿಯಲ್ಲಿ ಅತ್ತರೆ ಚೆನ್ನಾಗಿರುವುದಿಲ್ಲವೆಂದು ಮಾಯ್‌ಳ ಬೆನ್ನಿಗೊಂದು ಗುದ್ದಿ ಗಾಡಿ ಹತ್ತಿದೆ. ಹೋಟೆಲ್ ತನಕ ಇಬ್ಬರೂ ಕಿರುಚಿಕೊಂಡೇ ಹೋದೆವು.

ಇಷ್ಟೇ ಹುಡುಗಿಯರೇ. ಜಾಕೆಟ್ ಲೈನಿಗೆ ಬಂದ ದಿನ ನಿಮಗೆ ಕೆಲಸ ಕಲಿಸುವ ಮಾಯಕ್ಕ ಇವಳೇ. ಹೊಲಿಗೆ ತಪ್ಪಿದರೆ ನಿಮ್ಮ ಕೈಯಲ್ಲೇ ಬಿಚ್ಚಿಸುತ್ತಾಳೆ, ಬೇಜಾರು ಮಾಡಿಕೊಳ್ಳಬೇಡಿ. ಅದು ನಂಜುಂಡಯ್ಯನವರಿಂದ ನನಗೆ, ನನ್ನಿಂದ ಅವಳಿಗೆ ಬಂದದ್ದು.

ಅವಳ ತಾಯಿ ಈ ಸಲ ದೀಪಾವಳಿಗೆ ನಮ್ಮ ಮನೆಗೆ ಬರುತ್ತಿದ್ದಾರೆ. ಹಸಿರು ರವಿಕೆ ಇಸ್ತ್ರಿ ಮಾಡಿಟ್ಟಿದ್ದೇನೆ. ಒಂದೇ ಒಂದು ಯೋಚನೆ. ಹೊತ್ತು ನೆತ್ತಿಗೆ ಬಂದರೂ ಏಳದಿದ್ದ ನನ್ನ ಮಗ ಈಚೆಗೆ ಕೋಳಿ ಕೂಗುವ ಮೊದಲೇ ಎದ್ದು, ತಲೆ ಬಾಚಿ, ಬಸ್ಸು ಇದ್ದರೂ ಮಾಯ್‌ಳನ್ನು ಕಾರ್ಖಾನೆಯ ಗೇಟಿನವರೆಗೆ ಗಾಡಿಯಲ್ಲಿ ಬಿಟ್ಟು ಬರುತ್ತಾನೆ. ಅವಳೂ ಬೇಡ ಅನ್ನುವುದಿಲ್ಲ. ತಾಯಿ ಬಂದು ಕೇಳಿದರೆ ಏನು ಹೇಳುತ್ತೀಯ ಎಂದು ನಮ್ಮ ಯಜಮಾನರು ನನ್ನನ್ನು ಹೆದರಿಸುತ್ತಾರೆ. ನನಗೇನು ಹೆದರಿಕೆ? ಈ ಹೊಲಿಗೆ ನಾನು ಹಾಕಿದ್ದಲ್ಲ, ಬಿಚ್ಚುವ ಕೆಲಸವೂ ನನ್ನದಲ್ಲ.